₹280ರ ಸೈಲೆನ್ಸರ್ ಪೇಸ್ಟ್: 14 ತಿಂಗಳಾದ ಮೇಲೆ

ಹೊಗೆ ಪೈಪಿನ ಸೋರಿಕೆ ಮುಚ್ಚುವ ಈ ಪೇಸ್ಟಿಗೆ ಒಂದೇ ಸ್ಟಾರ್ ಕೊಡಬೇಕು ಅಂತ ಹಿಂದೆ ಒಮ್ಮೆ ಬರೆಯಲು ಕುಳಿತಿದ್ದೆ. ಆಗ ಬರೆಯದೇ ಬಿಟ್ಟದ್ದು ಒಳ್ಳೆಯದಾಯಿತು.

ನನ್ನದು ಹಳೆಯ ಟರ್ಬೊ ಡೀಸೆಲ್ ಕಾರು. ಮನೆ ಧಾರವಾಡ, ಕೆಲಸ ಹುಬ್ಬಳ್ಳಿಯ ಗೋಕುಲ ರೋಡ್. ಕಳೆದ ವರ್ಷ ದಸರೆ ಹೊತ್ತಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಟಿಕ್ ಟಿಕ್ ಟಿಕ್. ಹೊಲಿಗೆ ಮಷಿನ್ ತುಳಿದ ಹಾಗೆ. ಸತ್ತೂರು ಬರುವಷ್ಟರಲ್ಲಿ ಸದ್ದು ಮಾಯ. ಕಾದ ಲೋಹ ಹಿಗ್ಗಿ ಹೊಗೆ ಸೋರುವ ಸಂದು ಮುಚ್ಚಿಕೊಳ್ಳುತ್ತಿತ್ತು ಅಷ್ಟೇ. ಅದು ತಾನೇ ವಾಸಿಯಾಯಿತು ಅಂತ ನಾನು ಸುಮ್ನೆ ಇದ್ದೆ.

ಆಮೇಲೆ ನವಲೂರು ಸೇತುವೆ ಏರಲು ಮೂರನೇ ಗೇರಿಗೆ ಇಳಿಸಬೇಕಾಯಿತು. ಹಿಂದೆ ಕಪ್ಪು ಹೊಗೆ. ಟರ್ಬೊ ತಿರುಗುವುದೇ ಎಂಜಿನ್ ಬಿಡುವ ಹೊಗೆಯ ರಭಸಕ್ಕೆ, ಅಲ್ವಾ? ಆ ಹೊಗೆ ದಾರಿಯಲ್ಲೇ ಸೋರಿದರೆ ಎಂಜಿನ್ನಿಗೆ ಸಾಕಷ್ಟು ಗಾಳಿ ತಳ್ಳುವವರು ಯಾರು? ಎಸಿ ಹಾಕಿದರೆ ಒಳಗೆಲ್ಲ ಹೊಗೆ ವಾಸನೆ ಬೇರೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ. ಮಕ್ಕಳನ್ನು ಕೂರಿಸಿಕೊಳ್ಳಲು ಹೆದರಿಕೆಯಾಯಿತು.

ತಿಂಗಳ ಕೊನೆ. ₹280 ಕೊಟ್ಟು ಈ ಡಬ್ಬಿ ತಂದೆ. ಭಾನುವಾರ ವೈರ್ ಬ್ರಷ್‌ನಿಂದ ಮಸಿ ತಿಕ್ಕಿ, ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಒಟ್ಟುಗೂಡಿಸುವ ಪೈಪು) ಮತ್ತು ಟರ್ಬೊ ಕೂಡುವ ಜಾಗದ ಸುತ್ತ ಹಚ್ಚಿದೆ. ಒಂದು ರಾತ್ರಿ ಒಣಗಿಸಿದೆ. ಒಂಬತ್ತು ದಿನ ಬಂತು. ಹತ್ತನೇ ದಿನ ಹಪ್ಪಳದ ಚೂರಿನಂತೆ ಉದುರಿ ಕೆಳಗಿನ ತಗಡಿನ ಮೇಲೆ ಬಿದ್ದಿತ್ತು.

ಕೊನೆಗೆ ಗ್ಯಾರೇಜ್. ಮೇಸ್ತ್ರಿ ತಣ್ಣಗಿದ್ದ ಗಾಡಿಯ ಸೈಲೆನ್ಸರ್ ಬಾಯಿಗೆ ಬ್ಲೋವರ್ ಹಿಡಿದು, ಜಾಯಿಂಟಿಗೆಲ್ಲ ಸೋಪಿನ ನೀರು ಚಿಮುಕಿಸಿದರು. ಟರ್ಬೊ ಹತ್ತಿರ ನೊರೆ ಬುಗ್ಗೆ ಬುಗ್ಗೆಯಾಗಿ ಎದ್ದಿತು. "ಸರ, ಇಲ್ಲಿ ಪೇಸ್ಟ್ ನಿಲ್ಲಂಗಿಲ್ರೀ. ಸ್ಟಡ್ಡ ಮುರದೈತಿ ನೋಡ್ರಿ. ಪೇಸ್ಟಿನ ಚೂರು ಒಳಗ ಹೋಗಿದ್ರ ಟರ್ಬೊ ಫ್ಯಾನಿಗೇ ಹೊಡೀತಿತ್ತು" ಅಂದರು.

ಜಾಯಿಂಟ್ ಬಿಗಿಹಿಡಿಯುವ ಆ ಮುರಿದ ಸ್ಟಡ್ ತೆಗೆದದ್ದನ್ನು ನೋಡಬೇಕಿತ್ತು. ಅದರ ತುದಿಯ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿದರು. ಕೆಂಪಗಾದದ್ದು ಸ್ವಲ್ಪ ಆರಿದ ಮೇಲೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಅಲ್ಲಾಡಿಸಿದರು. ಕಿರ್ರ್ ಅಂತ ಬಿಟ್ಟುಕೊಂಡಿತು. ಫ್ಲ್ಯಾಂಜ್ (ಜಾಯಿಂಟಿನ ಚಪ್ಪಟೆ ಅಂಚು) ಮೇಲೆ ಸ್ಟೀಲ್ ಪಟ್ಟಿ ಅಡ್ಡ ಇಟ್ಟರೆ ಅಡಿಯಲ್ಲಿ ಬೆಳಕು ಕಂಡಿತು. ಸೊಟ್ಟಗಾಗಿತ್ತು. ಅದನ್ನು ಲೇತ್ ಅಂಗಡಿಗೆ ಕಳಿಸಿ ಸಮ ಮಾಡಿಸಿ, ಹೊಸ ಸ್ಟಡ್, ಹೊಸ ನಟ್, ಸ್ಟೀಲ್ ಗ್ಯಾಸ್ಕೆಟ್. ಎಲ್ಲ ಸೇರಿ ₹6,800. ಆ ಒಂಬತ್ತು ದಿನದ ಆಸೆಗೆ ಬಿದ್ದದ್ದಕ್ಕೆ ನನಗೇ ಸಿಟ್ಟು ಬಂತು.

ಆದರೆ ಸೋಪಿನ ನೀರು ಇನ್ನೊಂದು ಕಡೆಯೂ ನೊರೆ ತೋರಿಸಿತ್ತು. ಹಿಂದೆ, ಪೈಪ್ ಸೈಲೆನ್ಸರಿಗೆ ಸೇರುವಲ್ಲಿ. "ಇಲ್ಲಿ ನಿಮ್ಮ ಪೇಸ್ಟ್ ಹಚ್ರಿ, ನಡೀತೈತಿ" ಅಂತ ಮೇಸ್ತ್ರಿ ನನ್ನ ಡಬ್ಬಿಯಿಂದಲೇ ಬಳಿದು, ಕ್ಲಾಂಪ್ ಬಿಗಿದರು. ಅಲ್ಲಿ ಅಷ್ಟು ಕಾವಿಲ್ಲ, ಒತ್ತಡವೂ ಕಡಿಮೆ. 14 ತಿಂಗಳಾಯಿತು. ಒಂದು ಇಡೀ ಮಳೆಗಾಲ ಕಳೆಯಿತು, ಗುಂಡಿಗಳಂತೂ ಲೆಕ್ಕವಿಲ್ಲ. ಒಂದು ಬಿರುಕೂ ಇಲ್ಲ.

ಈಗಲೂ ಬೆಳಿಗ್ಗೆ ಗಾಜು ಇಳಿಸಿ, ಹಾಡು ಬಂದ್ ಮಾಡಿ, ಹತ್ತು ಸೆಕೆಂಡ್ ಕಿವಿಗೊಡುತ್ತೇನೆ. ರಂಗೋಲಿ ಹಾಕುತ್ತಲೇ ನನ್ನವಳು ಕೇಳುತ್ತಾಳೆ, "ಏನಂತೈತ್ರೀ ಗಾಡಿ?" ಏನೂ ಅನ್ನುವುದಿಲ್ಲ. ಆ ಸುಮ್ಮನಿರುವಿಕೆಯೇ ಒಂದು ಸುಖ.

ಹಾಗಾಗಿ ಮೂರು ಸ್ಟಾರ್. ಟರ್ಬೊದಿಂದ ಹಿಂದಿನ ಪೈಪಿಗೆ ತಗೊಳ್ಳಿ, ಮುಂದಿನದಕ್ಕೆ ಬೇಡವೇ ಬೇಡ. ಇನ್ನೊಂದು ಕೊಡುತ್ತಿದ್ದೆ, ಆದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಉಳಿದರ್ಧ ಪೇಸ್ಟ್ ಡಬ್ಬಿಯಲ್ಲೇ ಕಲ್ಲಾಗಿದೆ.