ಟೆಂಪೋ ಟ್ರಾವೆಲರ್‌ಗೆ ಕರೆಂಟ್ ಹಾಕಿಸಿದ್ದು: ಹಾಸನದ ಚಿಕ್ಕ ಅಂಗಡಿಯ ಒಳ್ಳೆ ಕೆಲಸ

ನಮ್ಮ ಹಳೆಯ ಟೆಂಪೋ ಟ್ರಾವೆಲರ್‌ನಲ್ಲಿ ಹಾಸಿಗೆ, ಅಡುಗೆ ಕಟ್ಟೆ ಎಲ್ಲ ಮಾಡಿಸಿ ಮೂರು ವರ್ಷ ಆಯಿತು. ಕರೆಂಟ್ ಮಾತ್ರ ಸರಿಹೋಗಿರಲಿಲ್ಲ. ಮೊದಲು ಬೇರೆ ಊರಿನ ಒಬ್ಬರು ಮನೆಯ ಯುಪಿಎಸ್ ಬ್ಯಾಟರಿಯನ್ನೇ ಸೀಟಿನ ಕೆಳಗಿಟ್ಟು, 1000 ವ್ಯಾಟ್ ಇನ್ವರ್ಟರ್‌ಗೆ ತೆಳ್ಳನೆಯ ವೈರ್ ಎಳೆದು ಕೊಟ್ಟಿದ್ದರು. ಫ್ಯೂಸ್ ಇಲ್ಲವೇ ಇಲ್ಲ. ಸಕಲೇಶಪುರದಲ್ಲಿ ಒಂದು ರಾತ್ರಿ ನೀರು ಕಾಯಿಸಲು ಕೆಟಲ್ ಹಾಕಿದೆವು, ಸ್ವಲ್ಪ ಹೊತ್ತಿಗೇ ಪ್ಲಾಸ್ಟಿಕ್ ಸುಟ್ಟ ವಾಸನೆ, ನೋಡಿದರೆ ವೈರಿನ ಸಿಪ್ಪೆ ಮೆತ್ತಗಾಗಿದೆ. ಮಕ್ಕಳು ಮಲಗಿದ್ದ ಹಾಸಿಗೆ ಅದರ ಮೇಲೆಯೇ ಇತ್ತು. ಆ ಭಯ ಇನ್ನೂ ಹೋಗಿಲ್ಲ.

ಅದಕ್ಕೇ ಈ ಸಲ ಹಾಸನದಲ್ಲಿ ಲಾರಿ, ಬಸ್ಸುಗಳ ವೈರಿಂಗ್ ಮಾಡುವ ಒಂದು ಚಿಕ್ಕ ಅಂಗಡಿಗೆ ಹೋದೆ. ಮೇಸ್ತ್ರಿ ಮೊದಲು ಕೇಳಿದ್ದು ಬಜೆಟ್ ಅಲ್ಲ. "ದಿನಾ ಏನೇನು ಹಾಕ್ತೀರಾ ಹೇಳಿ ಅಣ್ಣಾ, ಬರ್ಕೊಳ್ತೀನಿ" ಅಂದರು. 45 ವ್ಯಾಟ್‌ನ ಚಿಕ್ಕ ಫ್ರಿಜ್ ಅರ್ಧ ಹೊತ್ತು ಓಡಿದರೆ ದಿನಕ್ಕೆ 540 ವ್ಯಾಟ್-ಅವರ್ (ಎಷ್ಟು ವ್ಯಾಟ್, ಎಷ್ಟು ಗಂಟೆ ಓಡಿತು ಅನ್ನುವುದರ ಗುಣಾಕಾರ), ಫ್ಯಾನ್ 160, ದೀಪ, ಫೋನ್, ಲ್ಯಾಪ್‌ಟಾಪ್ ಸೇರಿ ಇನ್ನೊಂದು 150. ಒಟ್ಟು 850. ನಾನು 200 ಆಂಪಿಯರ್-ಅವರ್ ಬ್ಯಾಟರಿ ಬೇಕು ಅಂತ ಹೋಗಿದ್ದೆ, 100 ಸಾಕು ಅಂತ ಅವರೇ ಹೇಳಿದರು. 12.8 ವೋಲ್ಟ್‌ನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಅಂದರೆ 1280 ವ್ಯಾಟ್-ಅವರ್, ಲೆಡ್ ಆಸಿಡ್ ಬ್ಯಾಟರಿ ಥರ ಅರ್ಧ ಖಾಲಿಯಾದಾಗಲೇ ನಿಲ್ಲಿಸಬೇಕಾಗಿಲ್ಲ. ಮಾರುವವರು ಚಿಕ್ಕದನ್ನು ತಗೊಳ್ಳಿ ಅನ್ನುವುದು ಅಪರೂಪ ಅಲ್ವಾ?

ಕೆಟಲ್ ಬೇಡ, ನೀರಿಗೆ ಗ್ಯಾಸ್ ಇರಲಿ ಅಂದರು. ಮನೆಯ 230 ವೋಲ್ಟ್‌ನಲ್ಲಿ 1000 ವ್ಯಾಟ್‌ಗೆ ನಾಲ್ಕೂವರೆ ಆಂಪಿಯರ್ ಕೂಡ ಬೇಡ, ಬ್ಯಾಟರಿಯ 12 ವೋಲ್ಟ್‌ನಲ್ಲಿ ಅದೇ 80 ದಾಟುತ್ತದೆ. ನಮ್ಮ ಹಳೆ ವೈರ್ ಕರಗಿದ್ದು ಇದಕ್ಕೇ. ಈಗ 600 ವ್ಯಾಟ್ ಇನ್ವರ್ಟರ್, ಬೆರಳು ದಪ್ಪದ 25 ಸ್ಕ್ವೇರ್ ಎಂಎಂ ಕೇಬಲ್, ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣು ದೂರದಲ್ಲೇ 80 ಆಂಪಿಯರ್ ಫ್ಯೂಸ್. ಕೇಬಲ್ ತುದಿಗೆ ಹಾಕುವ ಲಗ್‌ಗಳನ್ನು ಸುತ್ತಿಗೆಯಲ್ಲಿ ಕುಟ್ಟದೆ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿದರು, ಒಂದೊಂದನ್ನೂ ಎಳೆದು ನೋಡಿದರು. "ಫ್ಯೂಸ್ ಇರೋದು ಫ್ರಿಜ್ ಉಳ್ಸೋಕಲ್ಲ, ವೈರ್ ಉಳ್ಸೋಕೆ" ಅನ್ನುವ ಮಾತು ನನಗೆ ಅಲ್ಲೇ ಮೊದಲು ಅರ್ಥವಾಯಿತು.

ಮೇಲೆ 200 ವ್ಯಾಟ್ ಸೋಲಾರ್ ಪ್ಯಾನೆಲ್ ಇದೆ. ಆದರೆ ಮಲೆನಾಡಿನ ಜುಲೈನಲ್ಲಿ ಅದನ್ನು ನಂಬಬೇಡಿ. ಮೋಡ ಕವಿದ ದಿನ ಫ್ರಿಜ್‌ಗೂ ಸಾಲುವುದಿಲ್ಲ, ತೋಟದ ಸಿಲ್ವರ್ ಓಕ್ ನೆರಳಲ್ಲಿ ನಿಲ್ಲಿಸಿದರೆ ಅದೂ ಇಲ್ಲ. ನಮ್ಮನ್ನು ಕಾಪಾಡಿದ್ದು ಗಾಡಿ ಓಡುವಾಗ ಇಂಜಿನ್ ಕಡೆಯ ಕರೆಂಟಿನಿಂದ ಈ ಬ್ಯಾಟರಿ ತುಂಬಿಸುವ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್. ಲಿಥಿಯಂ ಬ್ಯಾಟರಿಯನ್ನು ಸುಮ್ನೆ ನೇರವಾಗಿ, ಇಂಜಿನ್ ಓಡುವಾಗ ಕರೆಂಟ್ ಮಾಡುವ ಆಲ್ಟರ್ನೇಟರ್‌ಗೆ ಕಟ್ಟಿದರೆ ಅದು ಸಿಕ್ಕಷ್ಟೂ ಎಳೆದು ಆಲ್ಟರ್ನೇಟರನ್ನೇ ಕಾಯಿಸಿಬಿಡುತ್ತದೆ, ಈ ಚಾರ್ಜರ್ ಅದಕ್ಕೆ ಮಿತಿ ಹಾಕುತ್ತದೆ. ಹಾಸನದಿಂದ ಬೇಲೂರು ದಾಟಿ ಚಿಕ್ಕಮಗಳೂರು ಸೇರುವ ಒಂದೂವರೆ ಗಂಟೆಯಲ್ಲಿ ಬ್ಯಾಟರಿಗೆ ಸುಮಾರು 40 ಆಂಪಿಯರ್-ಅವರ್ ತುಂಬಿತ್ತು. ಆ ಮಳೆಯಲ್ಲಿ ಎರಡು ರಾತ್ರಿ ಇದ್ದೆವು, ಹಾಲು ಕೆಡಲಿಲ್ಲ.

ಕೊರತೆ ಇಲ್ಲ ಅಂತಲ್ಲ. ನಾಲ್ಕು ದಿನ ಅಂದವರು ಹನ್ನೊಂದು ದಿನ ತೆಗೆದುಕೊಂಡರು. ಪ್ಯಾನೆಲ್ ವೈರ್ ಒಳಗೆ ಬರುವ ತೂತಿನಿಂದ ಮೊದಲ ಮಳೆಗೇ ನೀರು ಜಿನುಗಿತು. ಮರುದಿನ ಕರೆಸಿಕೊಂಡು ದುಡ್ಡಿಲ್ಲದೆ ಸರಿಮಾಡಿದರು, ಆದರೂ ಮೊದಲೇ ನೋಡಬೇಕಿತ್ತು. ಯಾವ ವೈರ್ ಎಲ್ಲಿಗೆ ಅಂತ ಬರೆದು ಕೊಡುವ ಅಭ್ಯಾಸ ಅವರಿಗಿಲ್ಲ, ನಾನೇ ಪಕ್ಕದಲ್ಲಿ ಕೂತು ನೋಟ್‌ಬುಕ್‌ನಲ್ಲಿ ಚಿತ್ರ ಬರೆದುಕೊಂಡೆ. ನೀವೂ ಬರೆದುಕೊಳ್ಳಿ, ಘಾಟಿಯಲ್ಲಿ ಏನಾದರೂ ಕೈಕೊಟ್ಟರೆ ಅದೊಂದೇ ದಾರಿ.

ಎಲ್ಲ ಸೇರಿ 78 ಸಾವಿರ ಆಯಿತು. ಬ್ಯಾಟರಿ ಮೀಟರನ್ನು ಸೀಟಿನ ಕೆಳಗೆ ಹಾಕಿದ್ದಾರೆ, ಬಗ್ಗಿ ನೋಡಬೇಕು. ಅದನ್ನು ಬಾಗಿಲ ಪಕ್ಕಕ್ಕೆ ತರಿಸಲು ಬರುವ ವಾರ ಮತ್ತೆ ಅವರ ಹತ್ತಿರವೇ ಹೋಗುತ್ತಿದ್ದೇನೆ.