ಟರ್ಕಿ ಕೋಳಿಗೆ ನೀರಿನ ಔಷಧಿಯೋ, ಲಾಂಗ್ ಆಕ್ಟಿಂಗ್ ಇಂಜೆಕ್ಷನ್ನೋ?

ನನ್ನ ಟರ್ಕಿಗಳಿಗೆ ಎರಡು ಸಲ ಕೋಳಿ ಕಾಲರಾ ಬಂತು. ಮೊದಲ ಸಲ ನೀರಿನಲ್ಲಿ ಕರಗುವ ಆಕ್ಸಿಟೆಟ್ರಾಸೈಕ್ಲಿನ್ (ಟೆಟ್ರಾಸೈಕ್ಲಿನ್ ಗುಂಪಿನ ಆಂಟಿಬಯೋಟಿಕ್) ಪುಡಿ ಮಾತ್ರ ಕೊಟ್ಟೆ. ಎರಡನೇ ಸಲ ಅದೇ ಔಷಧಿಯ ಲಾಂಗ್ ಆಕ್ಟಿಂಗ್, ಅಂದರೆ ನಿಧಾನವಾಗಿ ಬಿಡುಗಡೆಯಾಗಿ ಹೆಚ್ಚು ಹೊತ್ತು ಕೆಲಸ ಮಾಡುವ, ಇಂಜೆಕ್ಷನ್ ಕೂಡ ಹಾಕಿದೆ. ಔಷಧಿ ಒಂದೇ ಆದರೂ ಫಲ ಒಂದೇ ಆಗಲಿಲ್ಲ.

ಮೊದಲ ಸಲ ಹಿಂದಿನ ದಿನ ಚೆನ್ನಾಗಿ ಮೇಯ್ದಿದ್ದ ಎರಡು ಗಂಡು ಹಕ್ಕಿಗಳು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿದ್ದವು. ಪಶುವೈದ್ಯರು ಕೊಯ್ದು ನೋಡಿದಾಗ ಯಕೃತ್ತಿನ ತುಂಬ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು. ಪ್ರಯೋಗಾಲಯದಿಂದ ಪಾಶ್ಚುರೆಲ್ಲಾ ಮಲ್ಟೊಸಿಡಾ ಎಂದು ಬಂತು, ಕೋಳಿ ಕಾಲರಾ ತರುವ ಬ್ಯಾಕ್ಟೀರಿಯಾ ಅದು. ಈ ರೋಗಕ್ಕೆ ಟರ್ಕಿಗಳು ನಾಟಿ ಕೋಳಿಗಿಂತ ಬೇಗ ಬಲಿಯಾಗುತ್ತವೆ.

ಅವತ್ತೇ ಪುಡಿ ಶುರು ಮಾಡಿದೆ. ಹಕ್ಕಿ ಹಿಡಿಯುವ ಗೋಜಿಲ್ಲ, ಇಡೀ ಹಿಂಡಿಗೆ ಒಟ್ಟಿಗೆ ಔಷಧಿ ಸಿಗುತ್ತದೆ. ಚೆನ್ನಾಗಿದ್ದವು ಕುಡಿದವು, ಉಳಿದವು. ಆದರೆ ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿದ್ದ ಐದು ಹಕ್ಕಿಗಳು ನೀರಿನ ಹತ್ತಿರಕ್ಕೇ ಬರಲಿಲ್ಲ. ಮೂರನೇ ದಿನ ಅವುಗಳ ಕತ್ತಿನ ಬುಡದಲ್ಲಿರುವ ಮೇವಿನ ಚೀಲ ಮುಟ್ಟಿ ನೋಡಿದೆ, ಬರಿದಾಗಿತ್ತು. ಔಷಧಿ ಯಾರಿಗೆ ಹೆಚ್ಚು ಬೇಕಿತ್ತೋ ಅವಕ್ಕೇ ತಲುಪಿರಲಿಲ್ಲ. ನಾಲ್ಕು ಸತ್ತವು. ಆ ಬೇಸರ ಇನ್ನೂ ಹೋಗಿಲ್ಲ.

ಇನ್ನೊಂದು ತಪ್ಪೂ ನನ್ನಿಂದ ಆಗಿತ್ತು. ಪಕ್ಕದಲ್ಲೇ ಕ್ಯಾಲ್ಸಿಯಂ ಇರುವ ಕಪ್ಪೆಚಿಪ್ಪಿನ ಪುಡಿ ಇಟ್ಟಿದ್ದೆ. ಟೆಟ್ರಾಸೈಕ್ಲಿನ್ ಕ್ಯಾಲ್ಸಿಯಂಗೆ ಅಂಟಿಕೊಂಡು ಕರುಳಿನಿಂದ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಗಡಸು ನೀರಿನಲ್ಲೂ ಅದೇ ತೊಂದರೆ. ಡಾಕ್ಟರು ಹೇಳಿದ ಮೇಲೆ ಚಿಪ್ಪಿನ ಪುಡಿ ತೆಗೆದಿಟ್ಟೆ, ದಿನಾ ಬೆಳಗ್ಗೆ ಹೊಸದಾಗಿ ಔಷಧಿ ಕಲಸತೊಡಗಿದೆ.

ಎರಡನೇ ಸಲ ಮಂಕಾಗಿದ್ದ ಆರು ಹಕ್ಕಿಗಳನ್ನು ಬೇರೆ ಮಾಡಿದೆವು. ಅವಕ್ಕೆ ಇಂಜೆಕ್ಷನ್, ಉಳಿದವಕ್ಕೆ ನೀರಿನಲ್ಲಿ ಪುಡಿ. ಬಾಟಲಿಯಲ್ಲಿ ಪ್ರತಿ ಮಿ.ಲೀ.ಗೆ 200 ಮಿ.ಗ್ರಾಂ ಔಷಧಿ ಇತ್ತು. ಲೇಬಲ್ ದನಕ್ಕೆ ಬರೆದದ್ದು. ಒಂದು ಸಲ ಹಾಕಿದರೆ ದನದಲ್ಲಿ ಮೂರು ದಿನ ಕೆಲಸ ಮಾಡುತ್ತದೆಂದು ಹಕ್ಕಿಯಲ್ಲೂ ಅಷ್ಟೇ ದಿನ ಎಂದುಕೊಳ್ಳಬಾರದು. ಹಾಗಾಗಿ ಒಂದೊಂದನ್ನೂ ತೂಗಿ, ಡಾಕ್ಟರು ಬರೆದುಕೊಟ್ಟಷ್ಟೇ ಹಾಕಿದೆ. ಆರರಲ್ಲಿ ಐದು ಎದ್ದು ಮೇವಿಗೆ ಬಂದವು. ಹಕ್ಕಿ ಕುಡಿಯಲಿ ಬಿಡಲಿ, ಔಷಧಿ ಒಳಗೆ ಹೋಗಿಯೇ ಇರುತ್ತದಲ್ಲ, ನನಗೆ ಇದರ ದೊಡ್ಡ ಗುಣ ಅದೇ.

ಕಷ್ಟಗಳೂ ಕಡಿಮೆಯಲ್ಲ. ದ್ರವ ಮಂದ, ಸಿರಿಂಜ್ ನಿಧಾನವಾಗಿ ಒತ್ತಬೇಕು. ಎದೆಯ ಮಾಂಸಕ್ಕೆ ಹಾಕಿದ ಒಂದು ಹಕ್ಕಿಗೆ ಗಟ್ಟಿ ಗಂಟು ಕಟ್ಟಿತು. ಆಮೇಲೆ ಡಾಕ್ಟರು ಕತ್ತಿನ ಹಿಂಭಾಗದ ಚರ್ಮದಡಿ ಹಾಕುವುದನ್ನು ಕಲಿಸಿದರು. ಭಾರದ ಗಂಡು ಟರ್ಕಿ ಹಿಡಿಯುವಾಗ ಅದು ಹೆದರಿ ಏದುಸಿರು ಬಿಡುತ್ತದೆ. ಬಿಸಿಲೇರುವ ಮುಂಚೆ, ಮಬ್ಬು ಬೆಳಕಿನಲ್ಲಿ ಹಿಡಿಯುವುದೇ ವಾಸಿ. ಸಾವಿರಾರು ಹಕ್ಕಿ ಸಾಕುವವರಿಗೆ ಈ ದಾರಿ ಆಗದ ಮಾತು.

ಇನ್ನು ಮಾಂಸದ ವಿಷಯ. ನಿಧಾನವಾಗಿ ಬಿಡುಗಡೆಯಾಗುವ ಔಷಧಿ ದೇಹ ಬಿಡುವುದೂ ನಿಧಾನ. ಚುಚ್ಚಿದ ಜಾಗದಲ್ಲಂತೂ ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಇಂಜೆಕ್ಷನ್ ಆದ ಹಕ್ಕಿಗಳ ಕಾಲಿಗೆ ಕೆಂಪು ಪಟ್ಟಿ ಕಟ್ಟಿ, ಡಾಕ್ಟರು ಕೊಟ್ಟ ದಿನಾಂಕ ದಾಟುವವರೆಗೆ ಒಂದನ್ನೂ ಕೊಯ್ಯಲಿಲ್ಲ, ಮಾರಲಿಲ್ಲ. ಪುಡಿಗೂ ಬಿಡುವಿನ ದಿನಗಳಿವೆ, ಆದರೆ ಅದರ ಲೆಕ್ಕ ಬೇರೆ.

ಹಾಗಾಗಿ ಈಗ ನನ್ನ ರೂಢಿ ಇಷ್ಟು: ಕುಡಿಯುವ ಹಕ್ಕಿಗೆ ನೀರು, ಕುಡಿಯದ ಹಕ್ಕಿಗೆ ಸೂಜಿ. ಎರಡರಿಂದಲೂ ರೋಗ ಹಿಂಡಿನಿಂದ ಪೂರ್ತಿ ತೊಲಗುವುದಿಲ್ಲ. ಔಷಧಿ ನಿಲ್ಲಿಸಿದ ಮೇಲೆ ಕಾಲರಾ ಮತ್ತೆ ತಲೆ ಎತ್ತಬಹುದು. ಅದಕ್ಕೇ ಈಗ ಲಸಿಕೆ ಹಾಕಿಸುತ್ತೇನೆ, ಇಲಿಗಳನ್ನು ಶೆಡ್ಡಿಗೆ ಸೇರಿಸುವುದಿಲ್ಲ.

ರೋಗ ಯಾವುದೆಂದು ತಿಳಿಯುವ ಮುಂಚೆ ಮಾತ್ರ ಎರಡನ್ನೂ ಮುಟ್ಟುವುದಿಲ್ಲ. ಎರಿಸಿಪೆಲಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ರೋಗವಾದರೆ ಪೆನಿಸಿಲಿನ್ ಬೇಕು, ಆ ರೋಗ ಗಾಯದ ಮೂಲಕ ನಮಗೂ ಅಂಟುವುದರಿಂದ ಕೈಗವಸು ಹಾಕಿಕೊಳ್ಳಬೇಕು. ಪೆನಿಸಿಲಿನ್ ಹೊಡೆಯುವುದು ಬ್ಯಾಕ್ಟೀರಿಯಾದ ಕೋಶಭಿತ್ತಿಗೆ; ಕಣ್ಣಿನ ಕೆಳಗೆ ಊದಿಸುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಗೆ ಕೋಶಭಿತ್ತಿಯೇ ಇಲ್ಲ, ಅದಕ್ಕೆ ಪೆನಿಸಿಲಿನ್ ನಾಟುವುದಿಲ್ಲ. ಗಂಧಕದಂಥ ಹಳದಿ ಹಿಕ್ಕೆ ಕಂಡರೆ ಬ್ಲ್ಯಾಕ್‌ಹೆಡ್ ಎಂಬ ರೋಗ ಇರಬಹುದು. ಅದನ್ನು ತರುವುದು ಬ್ಯಾಕ್ಟೀರಿಯಾ ಅಲ್ಲ, ಏಕಕೋಶ ಪರಾವಲಂಬಿ. ಟೆಟ್ರಾಸೈಕ್ಲಿನ್ ಅದನ್ನು ವಾಸಿ ಮಾಡುವುದಿಲ್ಲ.