ತಕ್ಕಡಿ, ರಬ್ಬರ್ ಹಾಸು, ಈಜುಕೊಳ, ಪುಡಿ ಡಬ್ಬ: ಸೊಂಟ ಸಡಿಲಾದ ನಾಯಿಗೆ ಯಾವುದು?

ಗೆಲ್ಲೋದು ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ: ಅಡುಗೆಮನೆಯ ಡಿಜಿಟಲ್ ತಕ್ಕಡಿ, ಐನೂರು ರೂಪಾಯಿ ಆಸುಪಾಸಿನದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್ ಸಾಕಿದವರಿಗೆ ಎಕ್ಸ್‌ರೇ ನೋಡಿ ಡಾಕ್ಟರು ‘ಹಿಪ್ ಡಿಸ್ಪ್ಲೇಶಿಯಾ’ (ಸೊಂಟದ ಕೀಲು ಸಡಿಲ) ಅಂದ ದಿನ ಮನೆಗೆ ಬರೋದು ಗ್ಲೂಕೋಸಮೈನ್ ಅನ್ನುವ ಕೀಲಿನ ಪುಡಿ. ಆಮೇಲೆ ಸೊಂಟದ ಬೆಲ್ಟು, ಆಮೇಲೆ ಈಜುಕೊಳದ ಪ್ಯಾಕೇಜು. ತಕ್ಕಡಿ ಬರೋದು ಕೊನೆಗೆ, ಅದೂ ಡಾಕ್ಟರು ಎರಡು ಸಲ ಗದರಿದ ಮೇಲೆ. ಈ ಸಾಲು ಪೂರ್ತಿ ತಲೆಕೆಳಗಾಗಬೇಕು.

ಅದಕ್ಕೆ ಮೊದಲು ಒಂದು ಎಚ್ಚರಿಕೆ. ಮರಿಗೆ ಐದು ತಿಂಗಳು ತುಂಬಿಲ್ಲ ಅಂದರೆ ಇದನ್ನು ಓದುತ್ತಾ ಕೂರಬೇಡಿ. ಸೊಂಟದ ಕೀಲು ಬಿಗಿಯಾಗಿ ಬೆಳೆಯುವಂತೆ ಮಾಡುವ ಜೆಪಿಎಸ್ ಅನ್ನುವ ಚಿಕ್ಕ ಆಪರೇಶನ್ ಆ ವಯಸ್ಸಿನೊಳಗೆ ಮಾತ್ರ ಫಲ ಕೊಡುವಂಥದ್ದು. ಇವತ್ತೇ ಮೂಳೆ ನೋಡುವ ವೆಟ್ ಹತ್ತಿರ ಕೇಳಿ. ಹಾಗೇ, ಒಳ್ಳೆ ಪಪ್ಪಿ ಫುಡ್ ತಿನ್ನುತ್ತಿರುವ ದೊಡ್ಡ ತಳಿಯ ಮರಿಗೆ ಮೇಲಿಂದ ಕ್ಯಾಲ್ಸಿಯಂ ಸಿರಪ್ ಹುಯ್ಯುತ್ತಿದ್ದರೆ ನಿಲ್ಲಿಸಿ. ‘ಮೂಳೆ ಗಟ್ಟಿಯಾಗಲಿ’ ಅಂತ ಹಾಕುವ ಆ ಸಿರಪ್ಪು ಮೂಳೆಯ ಬೆಳವಣಿಗೆಯನ್ನೇ ಕೆಡಿಸಬಹುದು. ಉಳಿದದ್ದೆಲ್ಲ ಆ ವಯಸ್ಸು ದಾಟಿದ ನಾಯಿಗಳ ಮಾತು.

ತಕ್ಕಡಿ ಯಾಕೆ? ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಲ್ಲಿ ಬಿಗಿಯಾಗಿ ಕೂರದೆ ಅಲ್ಲಾಡುತ್ತದೆ, ಅದೇ ಈ ಕಾಯಿಲೆ. ಆ ಅಲ್ಲಾಡುವ ಕೀಲಿನ ಮೇಲೆ ಐದು ಕೆ.ಜಿ. ಹೆಚ್ಚುವರಿ ಹೊರೆ ಇಟ್ಟು ಎಣ್ಣೆ, ಪುಡಿ ಹಾಕಿದರೆ ಏನು ಬಂತು? ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವ ತನಕ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ, ಅಷ್ಟೇ ವ್ಯತ್ಯಾಸ. ಕಡಿಮೆ ತಿಂದವು ಹೆಚ್ಚುಕಮ್ಮಿ ಎರಡು ವರ್ಷ ಜಾಸ್ತಿ ಬದುಕಿದವು, ಕೀಲು ಸವೆತವೂ ಅವಕ್ಕೆ ತಡವಾಗಿ ಶುರುವಾಯಿತು. ಯಾವ ಪುಡಿ ಡಬ್ಬದ ಮೇಲೂ ಇಂಥ ಸಾಲು ಬರೆಯಲು ಆಗೋದಿಲ್ಲ.

ಲೆಕ್ಕ ಹೀಗೆ. 35 ಕೆ.ಜಿ. ಇರುವ ಲ್ಯಾಬ್ 30ಕ್ಕೆ ಇಳಿಯಬೇಕು ಅಂದುಕೊಳ್ಳಿ. 30 ಕೆ.ಜಿ. ದೇಹ ಸುಮ್ಮನೆ ಬಿದ್ದುಕೊಂಡಿರಲು ಬೇಕಾಗೋದು ದಿನಕ್ಕೆ ಸುಮಾರು 900 ಕ್ಯಾಲೊರಿ. ತೂಕ ಇಳಿಸುವಾಗ ಅಷ್ಟನ್ನೇ ಗುರಿಯಾಗಿಟ್ಟುಕೊಳ್ಳೋದು ರೂಢಿ. 100 ಗ್ರಾಂಗೆ 360 ಕ್ಯಾಲೊರಿ ಇರುವ ಒಣ ಫುಡ್ ಆದರೆ ಇಡೀ ದಿನಕ್ಕೆ 250 ಗ್ರಾಂ. ಲೋಟದಲ್ಲಿ ಅಳೆದರೆ ಈ ಲೆಕ್ಕ ಉಳಿಯೋದಿಲ್ಲ: ಅದೇ ಲೋಟವನ್ನು ಒಬ್ಬರು ಅಂಚಿಗೆ ಸಮ ತುಂಬುತ್ತಾರೆ, ಇನ್ನೊಬ್ಬರು ಗೋಪುರ ಕಟ್ಟುತ್ತಾರೆ. ಬೆಳಿಗ್ಗೆ 250 ಗ್ರಾಂ ತೂಗಿ ಒಂದು ಡಬ್ಬಕ್ಕೆ ಹಾಕಿಡಿ. ಆ ದಿನದ ಊಟ, ತಿಂಡಿ, ಮುದ್ದು ಎಲ್ಲ ಆ ಡಬ್ಬದಿಂದಲೇ. ಕಾಫಿ ಜೊತೆ ಕೊಡುವ ಬಿಸ್ಕತ್ತು ಒಂದಕ್ಕೆ ಸುಮಾರು 25 ಕ್ಯಾಲೊರಿ. ದಿನಕ್ಕೆ ಆರು ಹೋದರೆ ಆರನೇ ಒಂದು ಪಾಲು ಊಟ ಅಲ್ಲೇ ಮುಗಿಯಿತು. ಅಜ್ಜಿ ತಟ್ಟೆಯ ಕೊನೇ ಚಪಾತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ, ತೂಕ ಇಳಿಯದಿರೋದು ಹೆಚ್ಚಾಗಿ ಅಲ್ಲೇ. ಹಸಿವು ತಾಳದೆ ಅಳುವ ನಾಯಿಗೆ ಉಪ್ಪು, ಒಗ್ಗರಣೆ, ಈರುಳ್ಳಿ ಇಲ್ಲದೆ ಬೇಯಿಸಿದ ಬೀನ್ಸ್ ಅಥವಾ ಸೋರೆಕಾಯಿ ಒಂದು ಹಿಡಿ ಸೇರಿಸಿ.

ವಾರಕ್ಕೆ ದೇಹತೂಕದ ಶೇಕಡಾ 1ರಿಂದ 2 ಇಳಿಯಬೇಕು, ಅಂದರೆ ಈ ನಾಯಿಗೆ 350ರಿಂದ 700 ಗ್ರಾಂ. ಅದಕ್ಕಿಂತ ಜೋರು ಬೇಡ, ಸ್ನಾಯು ಕರಗುತ್ತದೆ. ಕಟ್ಟುನಿಟ್ಟಾಗಿ ತೂಗಿ ಹಾಕಿದರೂ ಒಂದು ತಿಂಗಳು ಮುಳ್ಳು ಅಲ್ಲಾಡದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎರಡು-ಮೂರು ಕೆ.ಜಿ. ಇಳಿಯೋ ಹೊತ್ತಿಗೇ ಕುಂಟು ಕಮ್ಮಿಯಾಗಿದ್ದು ಕಾಣುತ್ತದೆ.

ಎರಡನೇ ಸ್ಥಾನ ನೆಲಕ್ಕೆ. ಅತಿ ಹೆಚ್ಚು ಕಿರಿಕಿರಿ ಕೊಡುವ ಖರೀದಿಯೂ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಮನೆಗಳ ವಿಟ್ರಿಫೈಡ್ ಟೈಲ್ಸ್, ಪಾಲಿಶ್ ಗ್ರಾನೈಟ್ ಈ ನಾಯಿಗಳಿಗೆ ಶತ್ರು. ಮಲಗಿದ್ದ ನಾಯಿ ಏಳುವಾಗ ಹಿಂಗಾಲು ಹೊರಕ್ಕೆ ಜಾರುತ್ತದೆ, ಜಾರಿದಾಗ ಗುಂಡು ಬಟ್ಟಲಿನ ಅಂಚಿಗೆ ಬರುತ್ತದೆ, ನೋಯುತ್ತದೆ. ನಾಲ್ಕು ಸಲ ಹೀಗಾದ ಮೇಲೆ ನಾಯಿ ಏಳೋದನ್ನೇ ಕಮ್ಮಿ ಮಾಡುತ್ತದೆ. ಏಳದ ನಾಯಿಯ ತೊಡೆ ಸೊರಗುತ್ತದೆ, ತೊಡೆ ಸೊರಗಿದರೆ ಕೀಲನ್ನು ಹಿಡಿದಿಡಲು ಏನೂ ಉಳಿಯೋದಿಲ್ಲ.

ಮನೆಯಲ್ಲೇ ಇದೆಯಲ್ಲ ಅಂತ ಜಮಖಾನ ಹಾಸಿದರೆ ನಾಯಿಯ ಜೊತೆ ಜಮಖಾನವೂ ಜಾರುತ್ತದೆ. ನಾಯಿ ಅತ್ಯಂತ ಜೋರಾಗಿ ನೆಲ ಒದೆಯೋದು ಏಳುವ ಆ ಒಂದು ಕ್ಷಣದಲ್ಲಿ, ಹಾಸು ಕೈಕೊಡೋದೂ ಆಗಲೇ. ಮಕ್ಕಳ ಕೋಣೆಗೆ ಹಾಕುವ ಜೋಡಿಸುವ ಫೋಮ್ ಚೌಕಗಳು ನೋಡಲು ಚೆನ್ನ, ಆದರೆ ಮೆತ್ತಗಿರುವುದರಿಂದ ಕಾಲು ಹುಗಿದು ನಾಯಿ ತೂರಾಡುತ್ತದೆ. ಉಚ್ಚೆ ಸಂದಿಯಲ್ಲಿಳಿದು ಕೆಳಗೆ ನಿಂತುಬಿಡುತ್ತದೆ. ಎರಡು ವರ್ಷದೊಳಗಿನ ಲ್ಯಾಬ್ ಅದರ ಹಲ್ಲುಹಲ್ಲಾದ ಅಂಚನ್ನು ಕಿತ್ತು ನುಂಗಿದರೆ ಕರುಳು ಕಟ್ಟಿ, ತಪ್ಪಿಸಿಕೊಳ್ಳಲು ಹೋದ ಆಪರೇಶನ್ ಇನ್ನೊಂದು ಕಡೆಯಿಂದ ಬರುತ್ತದೆ.

ಯೋಗಾ ಮ್ಯಾಟ್ ಪರವಾಗಿಲ್ಲ, ಹಿಡಿತ ಒಳ್ಳೆಯದು, ಬೇಕಾದ ಅಳತೆಗೆ ಕತ್ತರಿಯಲ್ಲಿ ಕತ್ತರಿಸಬಹುದು. ಆದರೆ ನೆಲ ಒರೆಸಿದ ಕೂಡಲೇ ಅರೆ ಒದ್ದೆಯ ಮೇಲೆ ಹಾಸಿದರೆ ಅದು ಸ್ಕೇಟಿಂಗ್ ಹಲಗೆ. ಆರೇಳು ತಿಂಗಳಿಗೆ ತುದಿ ಮೇಲಕ್ಕೆ ಸುರುಳಿ ಸುತ್ತುತ್ತದೆ. ಹಿಂಗಾಲು ಎಳೆದುಕೊಂಡು ನಡೆಯುವ ನಾಯಿಯ ಉಗುರು ಸರಿಯಾಗಿ ಆ ಸುರುಳಿಗೇ ಸಿಕ್ಕಿಕೊಳ್ಳುತ್ತದೆ.

ಕೊನೆಗೆ ನಿಲ್ಲೋದು ಗೆರೆ ಗೆರೆ ಇರುವ 3 ಮಿ.ಮೀ. ರಬ್ಬರ್ ಶೀಟು. ರಬ್ಬರ್ ಸಾಮಾನಿನ ಅಂಗಡಿಗಳಲ್ಲಿ, ಕಾರಿನ ಮ್ಯಾಟ್ ಮಾಡಿಕೊಡುವ ಕಡೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಬೆಂಗಳೂರಿನವರು ಜೆ.ಸಿ. ರಸ್ತೆ ಸುತ್ತಿ ಬನ್ನಿ. ತನ್ನ ಭಾರಕ್ಕೇ ಕೂತಿರುತ್ತದೆ, ತುದಿ ಏಳೋದಿಲ್ಲ. ಮೊದಲ ವಾರ ಟೈರ್ ಅಂಗಡಿಯ ವಾಸನೆ ಇರುತ್ತದೆ. ಸೋಪಿನ ನೀರಲ್ಲಿ ಉಜ್ಜಿ ನೆರಳಲ್ಲಿ ಎರಡು ದಿನ ಒಣಗಿಸಿ. ನಾಯಿ ನಡೆಯುವ ದಿಕ್ಕಿಗೆ ಗೆರೆ ಅಡ್ಡ ಬರಬೇಕು, ಉದ್ದಕ್ಕೆ ಹಾಸಿದರೆ ಅರ್ಧ ಹಿಡಿತ ಹೋಯಿತು. ಇಡೀ ಮನೆಗೆ ಬೇಡ: ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ, ಎರಡೂವರೆ ಅಡಿ ಅಗಲದ ಒಂದು ದಾರಿ ಸಾಕು. ಆದರೆ ತಿರುವಿನಲ್ಲಿ ಜಿಪುಣತನ ಬೇಡ, ಜಾರೋದು ನೇರ ನಡೆಯುವಾಗಲ್ಲ, ತಿರುಗುವಾಗ. ವಾರಕ್ಕೊಮ್ಮೆ ಎತ್ತಿ ಕೆಳಗಿನ ತೇವ ಒರೆಸಿ. ನೆಂಟರು ಬಂದರು ಅಂತ ಸುತ್ತಿಡೋದು ಶುರುವಾದರೆ ದುಡ್ಡು ದಂಡ.

ಉಗುರು ಟೈಲ್ಸ್ ಮೇಲೆ ಟಕ್ ಟಕ್ ಅಂದರೆ ಉದ್ದವಾಗಿದೆ, ಕತ್ತರಿಸಿ. ಗೋಲ್ಡನ್, ಶೆಫರ್ಡ್‌ಗಳ ಪಾದದ ಮೆತ್ತೆ ನಡುವಿನ ಕೂದಲೂ ಅಷ್ಟೇ.

ಇನ್ನು ನಡಿಗೆ ಎದುರು ನೀರು. ನೀರಿನೊಳಗಿನ ಟ್ರೆಡ್‌ಮಿಲ್ ನಿಜಕ್ಕೂ ಒಳ್ಳೆಯದು: ನೀರು ಸೊಂಟದ ಮಟ್ಟಕ್ಕೆ ಬಂದರೆ ನಾಯಿಯ ಕಾಲು ಹೊರೋದು ತೂಕದ ಶೇಕಡಾ 38 ಮಾತ್ರ. ಅದೇ ನೀರು ಮಂಡಿ ಮಟ್ಟಕ್ಕಿದ್ದರೆ ಶೇಕಡಾ 85, ಅಂದರೆ ಕೊಟ್ಟ ದುಡ್ಡಿಗೆ ಕಾಲು ಒದ್ದೆಯಾಯಿತು ಅಷ್ಟೇ. ಸೇರಿಸುವ ಮೊದಲು ಒಂದು ಸೆಶನ್ ನಿಂತು ನೀರು ಎಲ್ಲಿಯವರೆಗೆ ತುಂಬಿಸುತ್ತಾರೆ ನೋಡಿ. ಬರೀ ಈಜುಕೊಳ ಎರಡನೇ ದರ್ಜೆ, ಯಾಕೆಂದರೆ ಎಷ್ಟೋ ನಾಯಿಗಳು ಮುಂಗಾಲಲ್ಲೇ ಈಜಿ ಹಿಂಗಾಲನ್ನು ಸುಮ್ಮನೆ ತೇಲಿಸುತ್ತವೆ. ವಾರಕ್ಕೆರಡು ಸಲ, ಕನಿಷ್ಠ ಎಂಟು ವಾರ ಹೋದರೆ ಗುಣ ಕಾಣುತ್ತದೆ. ಮುಕ್ಕಾಲು ಗಂಟೆ ಟ್ರಾಫಿಕ್ಕಲ್ಲಿ ಕೂತು ಹೋಗಿ, ಕಾರಿನಿಂದ ದೊಪ್ಪನೆ ನೆಗೆದು, ಒದ್ದೆ ಟೈಲ್ಸ್ ಮೇಲೆ ಜಾರಿ ಬರೋದಾದರೆ ಕೂಡಿ ಕಳೆದು ಸೊನ್ನೆ. ಕಿವಿ ಒಣಗಿಸದಿದ್ದರೆ ಸೋಂಕು ಬೇರೆ. ತೋಟ ಇರುವವರಿಗೆ ಕೃಷಿ ಹೊಂಡದ ಆಸೆ ಹುಟ್ಟುತ್ತದೆ, ಬೇಡವೇ ಬೇಡ: ಪ್ಲಾಸ್ಟಿಕ್ ಹಾಸಿದ ಇಳಿಜಾರಲ್ಲಿ ಗಟ್ಟಿಮುಟ್ಟಾದ ನಾಯಿಗೇ ಮೇಲೆ ಹತ್ತಲು ಆಗೋದಿಲ್ಲ, ಇದು ಮುಳುಗುತ್ತದೆ.

ನಡಿಗೆಗೆ ಖರ್ಚಿಲ್ಲ, ಶಿಸ್ತು ಬೇಕು. ದಿನಕ್ಕೆ ಮೂರು ಸಲ, ಹತ್ತು-ಹನ್ನೆರಡು ನಿಮಿಷ, ಹಗ್ಗ ಕಟ್ಟಿ, ಸಮತಟ್ಟು ಮಣ್ಣು ಅಥವಾ ಹುಲ್ಲಿನ ಮೇಲೆ, ನಾಲ್ಕೂ ಕಾಲು ಒಂದೊಂದಾಗಿ ಊರುವಷ್ಟು ನಿಧಾನ. ವೇಗ ಹೆಚ್ಚಿದರೆ ಎರಡೂ ಹಿಂಗಾಲು ಜೋಡಿಸಿ ಮೊಲದ ಹಾಗೆ ಕುಪ್ಪಳಿಸಲು ಶುರುಮಾಡುತ್ತದೆ, ಅಲ್ಲಿಗೆ ವ್ಯಾಯಾಮ ನಿಂತಿತು ಅಂತ ಲೆಕ್ಕ. ಮಾರನೇ ಬೆಳಿಗ್ಗೆ ಏಳಲು ತಡವರಿಸಿದರೆ ನಿನ್ನೆ ಜಾಸ್ತಿಯಾಗಿದೆ. ಅರ್ಧಕ್ಕಿಳಿಸಿ, ವಾರಕ್ಕೆರಡು ನಿಮಿಷದಂತೆ ಏರಿಸಿ. ವಾರವಿಡೀ ಮನೆಯಲ್ಲಿ ಮಲಗಿಸಿ ಭಾನುವಾರ ಕಬ್ಬನ್ ಪಾರ್ಕಲ್ಲಿ ಎರಡು ಗಂಟೆ ಚೆಂಡು ಎಸೆಯೋದು ಇರುವುದರಲ್ಲೇ ಕೆಟ್ಟ ಅಭ್ಯಾಸ. ಜೊತೆಗೆ ಕೂತು-ಏಳೋದು, ಐದು ಸಲ, ದಿನಕ್ಕೆರಡು ಬಾರಿ. ಗೋಡೆಯ ಮೂಲೆಗೆ ಹಿಂಭಾಗ ತಾಗಿಸಿ ಕೂರಿಸಿದರೆ ಕಾಲು ಪಕ್ಕಕ್ಕೆ ಚಾಚೋಕೆ ಜಾಗವಿರೋಲ್ಲ. ತಿಂಗಳಿಗೊಮ್ಮೆ ದರ್ಜಿಯ ಟೇಪಿನಲ್ಲಿ ಎರಡೂ ತೊಡೆ ಒಂದೇ ಜಾಗದಲ್ಲಿ ಅಳೆದು ಬರೆದಿಡಿ, ಕಣ್ಣಂದಾಜು ನಂಬಬೇಡಿ.

ನೋವಿನ ಮಾತ್ರೆ ಸೋಲಲ್ಲ. ನೋಯುವ ನಾಯಿ ನಡೆಯೋದಿಲ್ಲ, ನಡೆಯದೆ ಮೇಲಿನದೊಂದೂ ಸಾಗೋದಿಲ್ಲ. ಕಾರ್‌ಪ್ರೊಫೆನ್, ಮೆಲೊಕ್ಸಿಕಾಮ್, ಫಿರೊಕಾಕ್ಸಿಬ್ ಇದರಲ್ಲಿ ಯಾವುದು ಅಂತ ರಕ್ತದಲ್ಲಿ ಲಿವರ್, ಕಿಡ್ನಿ ನೋಡಿ ವೆಟ್ ಹೇಳಲಿ. ಮೆಡಿಕಲ್ ಶಾಪಿನಿಂದ ನೀವೇ ತರಬೇಡಿ, ಕಾರಣ ಲೆಕ್ಕದಲ್ಲೇ ಇದೆ: ಮೆಲೊಕ್ಸಿಕಾಮ್ ಮೊದಲ ದಿನ ಬಿಟ್ಟರೆ ಕೆ.ಜಿ.ಗೆ 0.1 ಮಿ.ಗ್ರಾಂ, 30 ಕೆ.ಜಿ.ಗೆ ದಿನಕ್ಕೆ 3 ಮಿ.ಗ್ರಾಂ. ಮನುಷ್ಯರ ಮಾತ್ರೆ 7.5 ಅಥವಾ 15. ಡೈಕ್ಲೊಫೆನಾಕ್, ಐಬುಪ್ರೊಫೆನ್ ಹತ್ತಿರಕ್ಕೂ ಬೇಡ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ. ಸ್ಟೆರಾಯ್ಡ್ ಜೊತೆ ಇವನ್ನು ಯಾವತ್ತೂ ಸೇರಿಸಬಾರದು. ವಾಂತಿ, ಊಟ ಬಿಡೋದು, ಡಾಂಬರಿನಂಥ ಕಪ್ಪು ಕಕ್ಕ, ಇದರಲ್ಲಿ ಒಂದು ಕಂಡರೂ ಮುಂದಿನ ಮಾತ್ರೆ ಹಾಕದೆ ಫೋನ್ ಮಾಡಿ. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಬರೆದುಕೊಟ್ಟರೆ ಮನುಷ್ಯರ ಸಿರಪ್ ತರಬೇಡಿ, ಕೆಲವದರಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ಇರುತ್ತದೆ, ಅದು ನಾಯಿಗೆ ವಿಷ.

ಮೀನೆಣ್ಣೆಗೆ ಪುಡಿಗಿಂತ ಗಟ್ಟಿ ಆಧಾರ ಇದೆ, ಆದರೆ ಪ್ರಮಾಣದಲ್ಲಿ ಎಡವುತ್ತಾರೆ. ಕೆ.ಜಿ.ಗೆ ಸುಮಾರು 100 ಮಿ.ಗ್ರಾಂ ಇಪಿಎ ಮತ್ತು ಡಿಎಚ್ಎ (ಮೀನೆಣ್ಣೆಯ ಎರಡು ಒಮೆಗಾ-3 ಕೊಬ್ಬು) ಸೇರಿ ಬೇಕು, 30 ಕೆ.ಜಿ.ಗೆ 3,000. ಸಾಮಾನ್ಯ 1,000 ಮಿ.ಗ್ರಾಂ ಕ್ಯಾಪ್ಸೂಲಿನಲ್ಲಿ ಅವೆರಡೂ ಸೇರಿ ಇರೋದು 300. ಹತ್ತು ಕ್ಯಾಪ್ಸೂಲು! ಒಂದು ಹಾಕಿ ‘ಏನೂ ಆಗಲಿಲ್ಲ’ ಅನ್ನೋದರಲ್ಲಿ ಅರ್ಥವಿಲ್ಲ. ಹತ್ತು ಹಾಕಿದರೆ 90 ಕ್ಯಾಲೊರಿ ಡಬ್ಬದಿಂದ ಕಳೆಯಬೇಕು, ಬೇಧಿಯೂ ಆಗಬಹುದು. ಸಾಂದ್ರ ಕ್ಯಾಪ್ಸೂಲು ತಂದು ಕಾಲು ಭಾಗದಿಂದ ಶುರುಮಾಡಿ. ಕಾಡ್ ಲಿವರ್ ಎಣ್ಣೆ ಬೇರೆ ವಸ್ತು, ಈ ಪ್ರಮಾಣದಲ್ಲಿ ಕೊಟ್ಟರೆ ಎ, ಡಿ ವಿಟಮಿನ್ ವಿಪರೀತವಾಗುತ್ತದೆ.

ಗ್ಲೂಕೋಸಮೈನ್ ಪುಡಿ: ಪುರಾವೆ ತೀರಾ ತೆಳ್ಳಗೆ, ನಾನಾದರೆ ಕೊಳ್ಳೋಲ್ಲ.

ಸೊಂಟದ ಬೆಲ್ಟು: ಅಷ್ಟು ಆಳದ ಕೀಲನ್ನು ಬಟ್ಟೆ ಹಿಡಿದಿಡಲಾರದು, ನಮ್ಮ ಸೆಕೆಗೆ ತೊಡೆಸಂದಿ ಕೆಂಪಾಗುತ್ತದೆ. ಮೆಟ್ಟಿಲಿಗೆ ಹಳೇ ಪಂಚೆ ಸಾಕು: ಹಿಂಗಾಲಿನ ಮುಂದೆ ಹೊಟ್ಟೆಯಡಿ ಹಾಯಿಸಿ ಎರಡೂ ತುದಿ ಮೇಲೆ ಹಿಡಿಯಿರಿ. ಗಂಡುನಾಯಿಯಾದರೆ ಉಚ್ಚೆಯ ಜಾಗ ಒತ್ತದ ಹಾಗೆ ಮಡಿಸಿಕೊಳ್ಳಿ.

ಹತ್ತು ಸಾವಿರ ಇದೆ ಅಂದರೆ ನನ್ನ ಸಾಲು: ತಕ್ಕಡಿ, ರಬ್ಬರ್ ಶೀಟು, ರಕ್ತ ಪರೀಕ್ಷೆ, ವೆಟ್ ಹೇಳಿದ ಮಾತ್ರೆ, ಉಳಿದರೆ ಮೀನೆಣ್ಣೆ. ಹಗಲಲ್ಲಿ ಮನೆಯಲ್ಲಿ ಒಬ್ಬರಾದರೂ ಇದ್ದು ಮೂರು ಹೊತ್ತು ನಡೆಸುವಂತಿದ್ದರೆ ನೀರಿನ ಚಿಕಿತ್ಸೆಗೆ ಖರ್ಚು ಮಾಡಬೇಕಿಲ್ಲ. ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಬರುವವರಾಗಿ, ಟ್ರೆಡ್‌ಮಿಲ್ ಇರುವ ಜಾಗ ಇಪ್ಪತ್ತು ನಿಮಿಷದೊಳಗಿದ್ದರೆ ಮೀನೆಣ್ಣೆ ಬಿಟ್ಟು ಆ ದುಡ್ಡು ಅಲ್ಲಿಗೆ ಹಾಕಿ. ಕಾರಿಗೆ ಹತ್ತಿ ಇಳಿಯಲು ಒಂದು ಹಲಗೆ ಮಾಡಿಸಿ, ಅದರ ಮೇಲೂ ಉಳಿದ ರಬ್ಬರ್ ತುಂಡು ಅಂಟಿಸಿ.